ಮನೆಗೊಂದು ಗುಳಿಗೆ

ದ್ರಾಕ್ಷಾಯಣಿ ಸೋಮವಾರ ತಂತಿಗೆ ಹಾಕಿದ ಗೇಣುಬಟ್ಟೆ ಗುರುವಾರ ಬೆಳಿಗ್ಗೆಯೂ ಒಣಗಿರಲಿಲ್ಲ. ಸಂಕ್ರಮಣ ಕಳೆದ ಮೇಲಿನ ಬಿಸಿಲು, ಒಂಬತ್ತಕ್ಕೇ ಕಣ್ಣು ಕುಕ್ಕುತ್ತಿತ್ತು. ಅದೇ ತಂತಿಯ ಮೇಲೆ ಅಕ್ಕಪಕ್ಕದಲ್ಲಿದ್ದ ಬಟ್ಟೆಗಳು ಸುಟ್ಟ ಹಪ್ಪಳದ ಹಾಗೆ ಗರಿಗರಿಯಾಗಿದ್ದವು. ಅವಳದು ಮಾತ್ರ ಈಗಷ್ಟೇ ಬಕೀಟಿನಿಂದ ಎತ್ತಿದ ಹಾಗೆ ಜೋತುಬಿದ್ದು, ಕೆಳಗಿನ ಮಣ್ಣಿನಲ್ಲಿ ಹನಿ ಹನಿಯಾಗಿ ಒಂದು ಸಣ್ಣ ಕುಳಿ ತೋಡಿತ್ತು. ನಾನು ಪುಸ್ತಕ ತೆಗೆದು ಅವಳ ಹೆಸರಿನ ಮುಂದೆ 'ಹಸಿ' ಎಂದು ಬರೆದೆ. ಎಂಟು ತಿಂಗಳಿಂದ ಅದನ್ನೇ ಬರೆಯುತ್ತಿದ್ದೆ. ಬರೆಯುವ ಮೊದಲೇ ಕೈ ಸೋತಿರುತ್ತಿತ್ತು.

ನಮ್ಮೂರಲ್ಲಿ ಮನಸ್ಸು ಕುಸಿದವರು ತಮ್ಮ ಕೈಯಾರೆ ಹಿಂಡಿ ಹಾಕಿದ ಬಟ್ಟೆ ಒಣಗುವುದಿಲ್ಲ. ಜಗಳದ ಸಿಟ್ಟು, ಸಾವಿನ ಮನೆಯ ಅಳು, ಪರೀಕ್ಷೆಯಲ್ಲಿ ನಪಾಸಾದ ಬೇಸರ, ಇವಕ್ಕೆಲ್ಲ ಬಟ್ಟೆ ಒಂದೆರಡು ತಾಸು ತಡ ಮಾಡೀತು, ಅಷ್ಟೆ. ಒಳಗೆ ಏನೋ ಕುಸಿದು ಕೂತು, ತಿಂಗಳುಗಟ್ಟಲೆ ಏಳಲೊಲ್ಲೆ ಎಂದಾಗ ಮಾತ್ರ ಹೀಗಾಗುತ್ತದೆ. ಅದಕ್ಕೆ ನಮ್ಮವರು 'ತ್ಯಾವ ಹಿಡದೈತಿ' ಎನ್ನುತ್ತಾರೆ. ತ್ಯಾವ ಹಿಡಿದವರ ಮನೆಯ ಬಟ್ಟೆಯನ್ನು ಓಣಿಯವರು ಪಾಳಿ ಮಾಡಿಕೊಂಡು ಒಗೆದುಕೊಡುತ್ತಾರೆ. ಬಸ್ಸಿನಲ್ಲಿ ಹಸಿ ಸೀರೆಯವರಿಗೆ ಕಿಟಕಿಯ ಬದಿ ಬಿಡುವುದು ರೂಢಿ. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದಿಲ್ಲ. ಒಂದು ಕರವಸ್ತ್ರ ಒಗೆಸಿ ಹಾಕಿಸಿ, ಅದು ಒಣಗುವ ತನಕ ಚಹಾ ಕುಡಿಯುತ್ತ ಕೂರುತ್ತಾರೆ. ಜಾಣ ತಾಯಂದಿರು ಚಹಾ ಎರಡು ಸಲ ಮಾಡುತ್ತಾರೆ.

ನಾನು ಊರಿನ ಆಸ್ಪತ್ರೆಯಲ್ಲಿ ಗುಳಿಗೆ ಕೊಡುವವಳು. ಹೆಸರು ನೀಲಗಂಗಾ, ಎಲ್ಲರ ಬಾಯಲ್ಲಿ ನೀಲಕ್ಕ. ಏಳನೆಯ ಇಯತ್ತೆ ಮುಗಿಸಿ ಇಲ್ಲಿಗೆ ಕಸ ಹೊಡೆಯಲು ಬಂದವಳು. ಗುಳಿಗೆ ಡಬ್ಬಿಗಳಲ್ಲಿ ಮಡಚಿಟ್ಟ ಚೀಟಿಗಳನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಓದುವ ಚಟ ಹತ್ತಿತು. ಒಂದು ಹರಕು ನಿಘಂಟು ಸಿಕ್ಕಿತು. ಇಪ್ಪತ್ತೊಂಬತ್ತು ವರ್ಷ ಕಳೆದು ನೋಡಿದರೆ ಪೊರಕೆ ಬೇರೆಯವರ ಕೈಗೆ ಹೋಗಿತ್ತು, ಬೀಗದಕೈ ನನ್ನ ಸೊಂಟದಲ್ಲಿತ್ತು. ತ್ಯಾವ ಹಿಡಿದವರು ವಾರಕ್ಕೊಮ್ಮೆ ಬಂದು, ನಾನು ಕೊಟ್ಟ ಒಂದು ಗೇಣು ಕೋರಾ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ತಮ್ಮ ಕೈಯಿಂದ ಹಿಂಡಿ, ಹಿತ್ತಿಲ ತಂತಿಗೆ ಹಾಕಬೇಕು. ಆರೋಗ್ಯವಂತರದು ನಲವತ್ತು ನಿಮಿಷಕ್ಕೆ ಒಣಗುತ್ತದೆ. ಉಳಿದವರದು ಒಣಗುವ ಹೊತ್ತನ್ನು ನಾನು ಬರೆದಿಡುತ್ತೇನೆ, ಡಾಕ್ಟರು ಅದನ್ನು ನೋಡಿ ಗುಳಿಗೆ ಏರಿಸುತ್ತಾರೆ, ಇಳಿಸುತ್ತಾರೆ.

ಅವತ್ತು ದ್ರಾಕ್ಷಾಯಣಿಯ ಅತ್ತೆ ಫಕ್ಕೀರವ್ವ ಕೂಸನ್ನು ಟೊಂಕದ ಮೇಲೆ ಹೊತ್ತುಕೊಂಡೇ ಬಂದಳು. ಹತ್ತು ತಿಂಗಳ ಹೆಣ್ಣುಕೂಸು, ಮೂಗು ಸೋರುತ್ತಿತ್ತು. ಸೊಸೆ ಗೇಟಿನ ಹತ್ತಿರವೇ ನಿಂತಳು. ಅಂಥ ಬಿಸಿಲಿನಲ್ಲೂ ಅವಳ ಹೆಗಲ ಮೇಲೆ ಶಾಲು, ಸೀರೆಯ ಅಂಚಿನಿಂದ ನೀರು.

"ಒಣಗೇತೇನ ನೀಲಕ್ಕಾ?" ಎಂದಳು ಫಕ್ಕೀರವ್ವ.

"ಇಲ್ಲವ್ವಾ. ಇನ್ನೊಂದೀಟು ತಡಿ."

"ಎಂಟ್ ತಿಂಗಳ ತಡದೀನಿ. ಇನ್ನೆಷ್ಟ್ ತಡೀಲಿ? ಆಕಿ ಗುಳಿಗಿ ಉಗುಳ್ತಾಳ. ದಿನಾ ಮುಂಜಾನೆ ಬಾಯಿ ತಗಸ್ತೀನಿ, ನಾಲಗಿ ಎತ್ತಸ್ತೀನಿ, ದವಡಿಯೊಳಗ ಬೆರಳ ಹಾಕಿ ನೋಡ್ತೀನಿ. ಆದ್ರೂ ಎಲ್ಲಿ ಅಡಗಸ್ತಾಳೋ, ಸರ್ಕಸ್ ಕಂಪನ್ಯಾಗ ಇರಬೇಕಾಗಿತ್ತು." ಸಾಲಿನಲ್ಲಿದ್ದ ಹೆಂಗಸರು ನಕ್ಕರು. ನಗು ಸಿಕ್ಕರೆ ಫಕ್ಕೀರವ್ವನ ದನಿ ಏರುತ್ತದೆ. "ನಗಬ್ಯಾಡ್ರಿ. ಆಕಿ ಒಗದ ಹಸಿ ಕುಂಚಿಗಿ ತಲಿಗೆ ಕಟ್ಟಿ ಕಟ್ಟಿ ಕೂಸಿನ ಎದಿ ಮೂರ್ ಸಲಾ ಕಟ್ಟೇತಿ. ಎಲ್ಲಾರೂ ಕೇಳ್ರಿ, ಯುಗಾದಿ ಅಮಾಸಿ ತನಕ ನೋಡ್ತೀನಿ. ಅವತ್ತ ಇದ ತಂತಿ ಮ್ಯಾಲ ಆಕಿ ಬಟ್ಟಿ ಒಣಗಿತು, ಆತು. ಇಲ್ಲಾಂದ್ರ ಆಕಿ ತವರಿಗೆ ಹೋಗ್ಲಿ. ಕೂಸು ನಮ್ಮನ್ಯಾಗ ಇರ್ಲಿ."

ತಂತಿಯ ಕೆಳಗೆ ನಿಂತು ಆಡಿದ ಮಾತನ್ನು ನಮ್ಮೂರಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಂಡಿದ್ದಿಲ್ಲ. ದ್ರಾಕ್ಷಾಯಣಿ ಅತ್ತೆಯನ್ನೂ ನೋಡಲಿಲ್ಲ, ಕೂಸನ್ನೂ ನೋಡಲಿಲ್ಲ. ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

ಮುಂದಿನ ಸೋಮವಾರ ಅವಳು ಒಬ್ಬಳೇ ಬಂದಾಗ ಒಳಗೆ ಕರೆದು ಕೂರಿಸಿದೆ. "ಖರೆ ಹೇಳವ್ವಾ, ನನಗರ ಹೇಳು. ನುಂಗ್ತೀಯೋ ಇಲ್ಲೋ?"

"ನುಂಗ್ತೀನ್ರಿ ಅಕ್ಕಾರ." ಗಂಟಲು ಕಟ್ಟಿದಂಥ ದಪ್ಪ ದನಿ. ಮದುವೆಯಲ್ಲಿ ಅವಳ ಹಾಡು ಕೇಳಿದ್ದೆ, ಇದಾಗಿರಲಿಲ್ಲ. "ಮೊದಮೊದ್ಲ ಇವತ್ತರ ಏನರ ಆದೀತು, ನಾಳಿಗರ ಆದೀತು ಅಂತ ಕಾಯ್ತಿದ್ದೆ. ಈಗ ಕಾಯೂದ ಬಿಟ್ಟೀನಿ. ಉಸುಕಿನ ಮ್ಯಾಲ ನೀರ ಹೊಯ್ದಂಗ ಹೋಗ್ತೈತ್ರಿ ಅದು."

"ಶಾಲ್ಯಾಕ ಹೊತ್ತೀ, ಈ ಬಿಸಲಾಗ?"

"ಎಲುಬಿನೊಳಗ ಥಂಡಿ ಅಕ್ಕಾರ. ಕೂದಲಾ ಬಾಚಿದ್ರ ಹಿಡಿ ಹಿಡಿ ಬರ್ತಾವ. ಎದ್ದು ಕುಂದ್ರೂದ್ರೊಳಗ ಮತ್ತ ನಿದ್ದಿ." ಸೀರೆಯ ಅಂಚು ಹಿಂಡುತ್ತ, "ಕೂಸಿನ್ನ ಅವರ ಇಟಗೊಳ್ಳಿ ಬಿಡ್ರಿ. ನನ್ನ ಕೈಯಾಗ ಅದು ಹಸೀನ ಇರ್ತೈತಿ" ಎಂದಳು. ಆ ಮಾತನ್ನು ಅವಳು ಅಳುತ್ತ ಹೇಳಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಬಾಕಿ ಉಳಿದ ಕೆಲಸ ಯಾರಿಗೋ ವಹಿಸುವವಳ ಹಾಗೆ ಹೇಳಿದಳು.

ಥಂಡಿಯನ್ನೂ ಕೂದಲನ್ನೂ ನಾನು ಪುಸ್ತಕದಲ್ಲಿ ಬರೆಯಲಿಲ್ಲ. ಬರೆಯಲು ಜಾಗವೇ ಇರಲಿಲ್ಲ. ನಮ್ಮ ಪುಸ್ತಕದಲ್ಲಿ ಬಟ್ಟೆಗೆ ಮಾತ್ರ ಜಾಗ. ತ್ಯಾವ ಹಿಡಿದವರಿಗೆ ಥಂಡಿ ಇದ್ದದ್ದೇ ಎಂದುಕೊಂಡೆ. ಡಾಕ್ಟರು ಬಿಳಿ ಗುಳಿಗೆಯನ್ನು ಮತ್ತೆ ಅರ್ಧ ಏರಿಸಿದರು. ಅದು ಮೂರನೆಯ ಸಲ.

ಬಿಳಿ ಗುಳಿಗೆಯೇ ಯಾಕೆಂದರೆ ಫಕ್ಕೀರವ್ವನ ಮನೆಯದು ಬಿಳಿ. ನನಗಿಂತ ಮೊದಲಿದ್ದ ಕಂಪೌಂಡರ್ ಗುರುಸಿದ್ಧಯ್ಯನವರು ದೊಡ್ಡ ತಲೆಯವರು. ಅಪ್ಪನ ಬಟ್ಟೆ ಒಣಗಿಸಿದ ಗುಳಿಗೆ ಮಗನದನ್ನೂ ಒಣಗಿಸುತ್ತದೆ, ಅಕ್ಕನಿಗೆ ತಲೆಸುತ್ತು ತಂದದ್ದು ತಂಗಿಗೂ ತರುತ್ತದೆ ಎಂದು ಅವರು ವರ್ಷಗಟ್ಟಲೆ ನೋಡಿ ಕಂಡುಕೊಂಡಿದ್ದರು. ಅದಕ್ಕೇ ಮನೆಗೊಂದು ಹಾಳೆ, ಹಾಳೆಯ ನೆತ್ತಿಗೆ ಗುಳಿಗೆಯ ಬಣ್ಣ: ಬಿಳಿ, ಹಳದಿ, ಗುಲಾಬಿ. ಮನೆಗೊಂದು ಗುಳಿಗೆ. ಊರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಅದು ಮದುವೆಯ ಶಾಸ್ತ್ರದೊಳಗೂ ಸೇರಿಕೊಂಡಿತು. ಸೇರಕ್ಕಿ ಒದ್ದು ಒಳಗೆ ಬಂದ ಸೊಸೆಯನ್ನು ಐದನೆಯ ದಿನ ಅತ್ತೆ ನನ್ನ ಹತ್ತಿರ ಕರೆತರುತ್ತಾಳೆ. ನಾನು ಹುಡುಗಿಯ ಹೆಸರನ್ನು ತವರಿನ ಹಾಳೆಯಲ್ಲಿ ಹೊಡೆದುಹಾಕಿ, ಗಂಡನ ಮನೆಯ ಹಾಳೆಗೆ ಏರಿಸಿ, ಕುಂಕುಮ ಹಚ್ಚುತ್ತೇನೆ. "ಅಡ್ಡಹೆಸರು ಬದ್ಲಾತು, ಮನಿದೇವ್ರು ಬದ್ಲಾತು, ಗುಳಿಗಿನೂ ಬದ್ಲಾತು" ಎಂದು ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ. 'ಸೊಸಿ ಅರಿವಿ ತಡದ ಒಣಗ್ತಾವ' ಎಂದು ಊರಲ್ಲಿ ಗಾದೆಯೇ ಇತ್ತು. ತವರಿನ ಹಂಬಲ ಎಂದು ಅರ್ಥ ಹೇಳುತ್ತಿದ್ದರು. ನಾನು ಅದನ್ನೂ ನಂಬಿದ್ದೆ.

ಭಾರತ ಹುಣ್ಣಿಮೆಯ ಮರುದಿನ ದ್ರಾಕ್ಷಾಯಣಿಯ ಚಿಗವ್ವ, ಅವಳ ತಾಯಿಯ ತಂಗಿ ಬಾಳವ್ವ ಆಸ್ಪತ್ರೆಗೆ ಬಂದಳು. ಊರಿನ ಆಚೆ ತುದಿಯವಳು, ಮದುವೆಯಾಗದೆ ತವರಿನಲ್ಲೇ ಉಳಿದವಳು, ಎಲೆಯಡಿಕೆಯ ಬಾಯಿ. ಮಗಳಿಗೆಂದು ಗೋದಿಯ ಸಿಹಿ ಮಾದಲಿಯ ಡಬ್ಬಿ ತಂದು, ಬೀಗರ ಮನೆಗೆ ಹೋಗುವ ಮೊದಲು ಕಾಲು ನೋವಿಗೆ ಮುಲಾಮು ಕೇಳಲು ನನ್ನ ಮೇಜಿನ ಮುಂದೆ ಕೂತಿದ್ದಳು. ನಾನು ದ್ರಾಕ್ಷಾಯಣಿಯ ವಾರದ ಗುಳಿಗೆ ಎಣಿಸಿ ಕಾಗದದಲ್ಲಿ ಕಟ್ಟುತ್ತಿದ್ದೆ.

"ಯಾರಿಗಿವು?"

"ನಿಮ್ಮ ಮಗಳಿಗೇ."

ಬಾಳವ್ವ ಎಲೆ ಅಗಿಯುವುದನ್ನು ನಿಲ್ಲಿಸಿದಳು. "ಬಿಳೀವು? ಯಾವ ಶ್ಯಾಣ್ಯಾ ಬರದಾನವ್ವಾ ಇದನ್ನ? ನಮ್ಮವರಿಗೆ ಬಿಳಿ ಗುಳಿಗಿ ಹತ್ತಂಗಿಲ್ಲ. ಮೊದ್ಲ ಕೊಟ್ಟ ನೋಡಿದಾಗ ನಮ್ಮವ್ವಗ ಹತ್ತಲಿಲ್ಲ. ನನಗ ಹತ್ತಲಿಲ್ಲ. ಇಕಿ ಅವ್ವಗಂತೂ ಹದಿನಾಲ್ಕ ತಿಂಗಳ ಕೊಟ್ರು, ಗೋಡಿಗೆ ಕೊಟ್ಟಂಗಾತು. ನಮ್ಮದು ಹಳದಿ."

ನನಗೆ ತಿಳಿದದ್ದು ಹಾಗಿರಲಿಲ್ಲ. ದ್ರಾಕ್ಷಾಯಣಿಯ ತಾಯಿ ಗೌರವ್ವ ಈಗಿಲ್ಲ, ಆದರೆ ಅವಳ ಲೆಕ್ಕ ನನ್ನದೇ ಕೈಬರಹ. ಕಪಾಟಿನಿಂದ ಹಳೆಯ ಪುಸ್ತಕ ಇಳಿಸಿದೆ. ಗೌರವ್ವನ ಗಂಡನ ಮನೆಯದೂ ಬಿಳಿ. ಹದಿನೈದನೆಯ ತಿಂಗಳಿಂದ ಬಟ್ಟೆ ಒಣಗಲು ಹತ್ತಿ, ಹದಿನೇಳನೆಯ ತಿಂಗಳಿಗೆ ನಲವತ್ತು ನಿಮಿಷ. "ನೋಡ್ರಿ ಇಲ್ಲಿ," ಎಂದೆ, "ತಡಾ ಆತು ಖರೆ, ಆದ್ರ ಬಿಳಿ ಗುಳಿಗಿಲೇ ಒಣಗೇತಿ."

ಬಾಳವ್ವ ನನ್ನ ಮುಖವನ್ನೂ ಪುಸ್ತಕವನ್ನೂ ಒಮ್ಮೆ ನೋಡಿ, ಎದ್ದು ಹೋಗಿ ಕಟ್ಟೆಯಾಚೆ ಉಗುಳಿ ಬಂದು ಕೂತಳು. "ಅದು ನನ್ನ ಹಳದಿ ಗುಳಿಗಿ ನೀಲಕ್ಕ. ನಾ ತವರಾಗ ಉಳದಾಕಿ, ನನ್ನ ಹೆಸರ ನೀ ಎಲ್ಲಿ ಏರಿಸ್ತೀ? ನನಗ ಹಳದೀನ ಬರ್ತಿತ್ತು. ಅಕ್ಕ ಸಾಯೂ ಹಂಗ ಆಗಿದ್ಲು. ಹದಿನೈದ ದಿನಕ್ಕೊಮ್ಮೆ ಮಾದಲಿ ಡಬ್ಬಿ ತಳದಾಗ ಇಟ್ಟು ಒಯ್ದ ಕೊಡ್ತಿದ್ದೆ. ನಿನ್ನ ಬಿಳೀವು ಹಿತ್ತಲದಾಗ ಹುಗೀತಿದ್ಲು. ಅತ್ತಿಗೆ ಗೊತ್ತಾದ್ರ ಮನಿ ಗುಳಿಗಿ ಬಿಟ್ಟಳಂತ ರಾದ್ಧಾಂತ ಆಗ್ತಿತ್ತು."

"ನನಗರ ಹೇಳಬಾರದಾಗಿತ್ತೇನ?"

"ನಿನಗ? ಕುಂಕುಮಾ ಹಚ್ಚಾಕಿನ ನೀನು."

ನಾನು ಪುಸ್ತಕ ಮುಚ್ಚಲು ಹೋಗಿ, ಮತ್ತೆ ತೆರೆದೆ. ಚಂದದ ಅಕ್ಷರ ನನ್ನದು, ಎಲ್ಲರೂ ಹೊಗಳುತ್ತಾರೆ. 'ಬಿಳಿ — ಗುಣ' ಎಂದು ಎಷ್ಟು ಚಂದ ಬರೆದಿದ್ದೆ. ಆ ಒಂದು ಸಾಲನ್ನು ನೋಡಿಯೇ ಕಳೆದ ಜ್ಯೇಷ್ಠದಲ್ಲಿ ಡಾಕ್ಟರಿಗೆ ಹೇಳಿದ್ದೆ: ಇವರ ಅವ್ವಗೂ ಬಿಳೀನ ಹತ್ತೇತ್ರಿ, ಚಿಂತಿಲ್ಲ.

ಡಾಕ್ಟರ್ ಮುಜಾವರ ಊರಿಗೊಬ್ಬರೇ ಡಾಕ್ಟರು. ಮಧ್ಯಾಹ್ನದ ರೊಟ್ಟಿಯನ್ನು ಸಂಜೆ ನಾಲ್ಕಕ್ಕೆ ತಿನ್ನುವವರು. ಅವತ್ತು ರೊಟ್ಟಿ ಮುರಿಯುತ್ತಿದ್ದಾಗಲೇ ಎಲ್ಲ ಹೇಳಿದೆ. ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಮುರಿದ ತುತ್ತು ಕೈಯಲ್ಲೇ ಉಳಿಯಿತು.

"ಒಬ್ಬರ ಗುಳಿಗಿ ಒಬ್ಬರಿಗೆ ಹಂಚಬಾರದು ಅಂತ ಆ ಬಾಳವ್ವಗ ನಾ ಬಯ್ಯಬೇಕು," ಎಂದರು ಕೊನೆಗೆ. "ಬಯ್ಯಾಕ ಬಾಯಿ ಬರವಲ್ತು. ನೀಲಕ್ಕ, ಗುರುಸಿದ್ಧಯ್ಯನವರು ಕಂಡಿದ್ದು ಖರೇನ. ಅದು ರಕ್ತದ ಮಾತು. ನಾವು ಅದನ್ನ ಮನಿ ಮಾತು ಅಂತ ಬರಕೊಂಡ್ವಿ."

"ಬಿಡಿಸಿ ಹೇಳ್ರಿ ಸಾಹೇಬ್ರ."

"ನಮ್ಮ ಲಿವರಿನೊಳಗ ಒಂದು ಬೀಸೋಕಲ್ಲ ಐತಿ ಅನ್ಕೋ. ಗುಳಿಗಿ ಹೊಟ್ಟಿಗೆ ಹೋತಂದ್ರ ಅದು ಬೀಸಾಕ ಹತ್ತತೈತಿ. ಕೆಲವ್ರ ಕಲ್ಲು ಭಾಳ ಜೋರು. ತಲಿಗೆ ಮುಟ್ಟೂದ್ರೊಳಗ ಗುಳಿಗಿ ಹಿಟ್ಟಾಗಿ ಹೋಗಿರ್ತೈತಿ. ಕೆಲವ್ರದು ನಿಧಾನ. ತಿಂದಿದ್ದು ಒಳಗ ಗುಡ್ಡಿ ಬಿದ್ದು, ಒಂದ ಗುಳಿಗಿ ಮೂರ ತಿಂದಂಗ ತಲಿ ತಿರಗ್ತೈತಿ. ಒಂದ ಗುಳಿಗಿನ್ನ ಜೋರ ಬೀಸೋ ಕಲ್ಲು ಇನ್ನೊಂದನ್ನ ಜೋರ ಬೀಸ್ಲಿಕ್ಕಿಲ್ಲ. ಅದಕ್ಕ ಬಿಳಿ ಹತ್ತದವರಿಗೆ ಹಳದಿ ಹತ್ತೂದು."

"ಆ ಕಲ್ಲು ಎಲ್ಲಿಂದ ಬರ್ತೈತ್ರಿ?"

"ಅವ್ವ ಅಪ್ಪನಿಂದ. ಉಡಿ ತುಂಬಿ ಕಳಸೂ ಮುಂದ ಅದನ್ನ ತವರಾಗ ಇಳಿಸಿ ಕಳಸಾಕ ಬರಂಗಿಲ್ಲ." ತುತ್ತನ್ನು ಡಬ್ಬಿಯಲ್ಲಿ ಇಟ್ಟರು. "ಆದ್ರ ಚಿಗವ್ವಗ ಹತ್ತಿದ್ದು ಇಕಿಗೂ ಹತ್ತೇ ಹತ್ತತೈತಿ ಅಂತ ನಾ ಬರದು ಕೊಡಂಗಿಲ್ಲ. ಅದೊಂದು ದಾರಿ ತೋರಸೂ ಗುರುತು, ಅಷ್ಟ. ನಾಳಿಗೆ ಆ ಹುಡಿಗಿನ್ನ ಕಳಸು. ನಾ ಆಕಿನ್ನ ನೋಡಬೇಕು."

"ಪ್ರತಿ ವಾರ ನೋಡ್ತೀರಲ್ರಿ."

"ಆಕಿ ಬಟ್ಟಿ ನೋಡ್ತೀನಿ."

ಮರುದಿನ ಅವರು ಅವಳ ಕೈ ಹಿಡಿದು ನಾಡಿ ಎಣಿಸಿದರು, ಐವತ್ತೆರಡು. ಕೆಳಗಿನ ಕಣ್ಣುರೆಪ್ಪೆ ಇಳಿಸಿ ನೋಡಿದರು, ಕಾಗದದ ಬಣ್ಣ. ಕುತ್ತಿಗೆ ಮುಟ್ಟಿದರು, ಊದಿದ ಮುಖ ನೋಡಿದರು, ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಜಿಗಿಯಿತು, ಆದರೆ ತನ್ನ ಜಾಗಕ್ಕೆ ವಾಪಸು ಬರಲು ಮನಸ್ಸಿಲ್ಲದ ಹಾಗೆ ಮೆಲ್ಲಗೆ ಬಂತು. ಹೆರಿಗೆಯ ನಂತರ ಎಷ್ಟು ರಕ್ತ ಹೋಯಿತು, ಥಂಡಿ ಯಾವಾಗಿಂದ, ಮಲವಿಸರ್ಜನೆ ಹೇಗೆ ಎಂದೆಲ್ಲ ಕೇಳಿದರು. ದ್ರಾಕ್ಷಾಯಣಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಉತ್ತರಗಳೆಲ್ಲ ಅವಳ ಹತ್ತಿರ ಇದ್ದೇ ಇದ್ದವು, ಕೇಳಿದವರಿರಲಿಲ್ಲ. ಬಟ್ಟೆ ಎಲ್ಲವನ್ನೂ ಹೇಳುವ ಊರಿನಲ್ಲಿ ಮನುಷ್ಯರನ್ನು ಯಾರು ಕೇಳುತ್ತಾರೆ?

ರಕ್ತ ಜಿಲ್ಲೆಗೆ ಹೋಗಿ ಐದನೆಯ ದಿನಕ್ಕೆ ಚೀಟಿ ಬಂತು. ಕುತ್ತಿಗೆಯೊಳಗಿನ ಥೈರಾಯ್ಡ್ ಗ್ರಂಥಿ ಬಾಣಂತನದ ನಂತರ ಮಲಗಿಬಿಟ್ಟಿತ್ತು. ಮೈಯಲ್ಲಿ ರಕ್ತ ಇರಬೇಕಾದ್ದರ ಅರ್ಧಕ್ಕಿಂತ ಸ್ವಲ್ಪ ಮೇಲೆ. "ಈ ಎರಡ ಇದ್ರ ಯಾವ ಬಣ್ಣದ ಗುಳಿಗಿ ಕೊಟ್ರೂ ಕುಂಟತೈತಿ," ಎಂದರು ಡಾಕ್ಟರು. "ಕಲ್ಲಿಂದು ಒಂದ ಕಡೆ, ಮೈಯಿಂದು ಒಂದ ಕಡೆ. ಎಂಟ ತಿಂಗಳ ನಾವು ಆಕಿ ಬಾಯಿ ತಗಸಿ ನೋಡೀವಿ."

ಇನ್ನು ಹಳದಿ ಕೊಡಬೇಕೆಂದರೆ ಅವಳ ಹೆಸರು ಬಾಳವ್ವನ ಮನೆಯ ಹಾಳೆಗೆ ಹೋಗಬೇಕು. ಅದಕ್ಕೆ ಬೀಗರಿಬ್ಬರನ್ನೂ ಕರೆಸಿದೆ. ಫಕ್ಕೀರವ್ವ ಮಗ ಶಿವಪುತ್ರನ ಜೊತೆ ಬಂದಳು. ಅವನದು ಪಂಕ್ಚರ್ ತಿದ್ದುವ ಅಂಗಡಿ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

"ಆಗಂಗಿಲ್ಲ," ಎಂದಳು ಫಕ್ಕೀರವ್ವ. "ಆಕಿ ಹೆಸರು ಅವ್ವನ ತವರಿನ ಹಾಳಿಗೆ ಹೋತಂದ್ರ ಆಕಿ ನಮ್ಮಾಕಿ ಅಲ್ಲಂತ ಡಂಗುರ ಸಾರಿದಂಗ. ನಮ್ಮನಿ ಗುಳಿಗಿ ನನಗ ಇಪ್ಪತ್ತ ದಿನದಾಗ ಹತ್ತೇತಿ, ನನ್ನ ಮಗಗ ಹತ್ತೇತಿ. ಮಹಾರಾಣಿಗೆ ಮಾತ್ರ ಹತ್ತಂಗಿಲ್ಲೇನ?"

"ನಿಮ್ಮ ಹಾಳ್ಯಾಗ ಎಂಟ ತಿಂಗಳ ಕುಂತ ಏನ ಉದ್ಧಾರಾದ್ಲು ಬೀಗ್ತಿ?" ಎಂದಳು ಬಾಳವ್ವ. "ನಿಮ್ಮನಿ ಗುಳಿಗಿ ನಿಮ್ಮನಿ ಹೋಳಗಿ ಇದ್ದಂಗ. ಗಂಟಲಾಗ ಇಳೀತೈತಿ, ಮೈಗೆ ಹತ್ತಂಗಿಲ್ಲ."

"ಆ ಹೋಳಗಿ ಮದುವ್ಯಾಗ ಹನ್ನೊಂದ ತಿಂದೀ ನೀನು."

"ಎಣಿಸಿದಿ?"

"ಬಡಿಸಿದಾಕಿನ ನಾನು."

ಅದೇ ಜಾಗದಲ್ಲಿ ಇನ್ನೊಂದು ಗಳಿಗೆಯಾಗಿದ್ದರೆ ಮಾತು ಹೋಳಿಗೆಯಿಂದ ಬಂಗಾರಕ್ಕೆ, ಬಂಗಾರದಿಂದ ಸತ್ತವರಿಗೆ ಹೋಗುತ್ತಿತ್ತು. ಆಗ ಶಿವಪುತ್ರ ಗೋಡೆಗೆ ಒರಗಿದ್ದವನು, "ಯವ್ವಾ, ನನ್ನ ಚಪ್ಪಲಿ ಆಕಿಗೆ ಹತ್ತತಾವೇನ?" ಎಂದ.

"ಅದೇನ ಮಾತೋ?"

"ಹತ್ತಂಗಿಲ್ಲಲ್ಲ. ಆಕಿ ಬ್ಯಾರೆ ಚಪ್ಪಲಿ ಹಾಕ್ಕೊಂಡು ನಮ್ಮನ್ಯಾಗ ಅಡ್ಡಾಡಿದ್ರ ನಮ್ಮಾಕಿ ಅಲ್ಲೇನ?"

ಬಾಳವ್ವ ಬಾಯಿಗೆ ಸೆರಗು ಹಿಡಿದಳು. ಫಕ್ಕೀರವ್ವ ಮಗನನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. ನಾನು ಸಿಕ್ಕ ಸಂದಿನಲ್ಲಿ ಹೇಳಿದೆ: ಹೆಸರು ಹೊಡೆಯುವುದಿಲ್ಲ, ಎರಡೂ ಹಾಳೆಯಲ್ಲಿ ಬರೆಯುತ್ತೇನೆ, ಮನೆ ಅಲ್ಲಿ, ಗುಳಿಗೆ ಇಲ್ಲಿ. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಯಾರ ಹೆಸರನ್ನೂ ಎರಡು ಕಡೆ ಬರೆದವಳಲ್ಲ. ಫಕ್ಕೀರವ್ವ ಪುಸ್ತಕವನ್ನು ನನ್ನ ಕಡೆ ತಳ್ಳಿ, "ಬರಿ," ಎಂದಳು. "ಆದ್ರ ಅಮಾಸಿ ಮಾತು ಅಮಾಸಿ ಮಾತ. ತಂತಿ ಕೆಳಗ ಆಡೀನಿ."

ಅಮಾವಾಸ್ಯೆಗೆ ಐದು ವಾರ ಚಿಲ್ಲರೆ ಉಳಿದಿತ್ತು. ಬಿಳಿಯನ್ನು ಮೆಲ್ಲಗೆ ಇಳಿಸಿ ಹಳದಿ ಏರಿಸಬೇಕು. ಮುಂಜಾನೆ ಬರಿ ಹೊಟ್ಟೆಗೆ ಥೈರಾಯ್ಡಿನ ಸಣ್ಣ ಗುಳಿಗೆ; ರಕ್ತ ಹೆಚ್ಚಿಸುವ ಕಬ್ಬಿಣದ ಗುಳಿಗೆ ಅದಾದ ನಾಲ್ಕು ತಾಸಿನ ಮೇಲೆಯೇ, ಕೂಡಿ ಕೊಟ್ಟರೆ ಒಂದು ಇನ್ನೊಂದನ್ನು ತಡೆಯುತ್ತದೆ. ಇಷ್ಟು ಕಟ್ಟುನಿಟ್ಟು ಯಾರಿಂದ ಆಗುತ್ತದೆ ಎಂದು ನಾನು ಚಿಂತೆ ಮಾಡಿದರೆ, ಫಕ್ಕೀರವ್ವ ಗಡಿಯಾರದ ಕೆಳಗೆ ಕೂತು ಕೊಟ್ಟಳು. ಸಿಟ್ಟಿನಿಂದಲೇ ಕೊಟ್ಟಳು, ಆದರೆ ಒಂದು ಹೊತ್ತೂ ತಪ್ಪಿಸಲಿಲ್ಲ.

ಮೊದಲ ವಾರ ದ್ರಾಕ್ಷಾಯಣಿ ಉಂಡದ್ದನ್ನು ಕಾರಿದಳು. ಎರಡನೆಯ ವಾರ ಬಟ್ಟೆ ಮೂರು ದಿನ. ಮೂರನೆಯ ವಾರವೂ ಮೂರು ದಿನ. ಚೀಟಿಗಳಲ್ಲಿ 'ಪರಿಣಾಮಕ್ಕೆ ವಾರಗಳು ಬೇಕಾಗಬಹುದು' ಎಂಬ ಸಾಲನ್ನು ನಾನು ನೂರು ಸಲ ಓದಿದ್ದೇನೆ. ಅದರೊಳಗೆ ಒಬ್ಬಳ ಜೊತೆ ಬದುಕಿ ನೋಡಿದ್ದು ಅದೇ ಮೊದಲು. ಆ ದಿನಗಳಲ್ಲಿ ಸಾಲಿಗೆ ಬಂದ ಸೊಸೆಯರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ತವರು ಯಾವುದು, ಅಲ್ಲಿ ಯಾವ ಬಣ್ಣ ಹತ್ತುತ್ತಿತ್ತು ಎಂದು ಕೇಳಲು ಹತ್ತಿದೆ. ನಲವತ್ತೊಂದು ಜನರಲ್ಲಿ ಒಂಬತ್ತು ಮಂದಿ ತಲೆ ತಗ್ಗಿಸಿದರು. ತವರಿನ ಗುಳಿಗೆ ಕದ್ದು ಬರುತ್ತಿದ್ದ ದಾರಿಗಳು: ಮಾದಲಿ ಡಬ್ಬಿ, ಶೇಂಗಾ ಹೋಳಿಗೆಯ ಗಂಟು, ಒಬ್ಬಳದಂತೂ ಬಳೆಗಾರ್ತಿಯ ಬುಟ್ಟಿ. ಒಬ್ಬರೂ ನನ್ನ ಮುಂದೆ ಬಾಯಿ ಬಿಟ್ಟಿರಲಿಲ್ಲ. "ಪುಸ್ತಕ ಸುಟ್ಟುಬಿಡೋಣು ಅನಸ್ತೈತಿ," ಎಂದೆ ಡಾಕ್ಟರಿಗೆ. "ಸುಟ್ಟಮ್ಯಾಲ ಬರಿಯಾಕ ಮತ್ತೊಂದು ಬೇಕಲ್ಲ," ಎಂದು ಅವರು ಅಳತೆಪಟ್ಟಿ ತಗೊಂಡು ಪುಟದ ಅಂಚಿನಲ್ಲಿ ಹೊಸ ಗೆರೆ ಎಳೆಯಲು ಕೂತರು: ತವರು, ನಾಡಿ, ರಕ್ತ, ಸಕ್ಕರೆ, ಕುತ್ತಿಗೆ. ಇಬ್ಬರೂ ಸೇರಿ ನೂರಾ ಹತ್ತು ಪುಟ ಗೆರೆ ಎಳೆದೆವು.

ಐದನೆಯ ವಾರ ಬಟ್ಟೆ ಒಂದೂವರೆ ದಿನಕ್ಕೆ ಒಣಗಿತು. ಶಾಲು ಹೆಗಲಿನಿಂದ ಕೈಗೆ ಇಳಿದಿತ್ತು. ನಾನು ಆಸೆ ಇಟ್ಟುಕೊಳ್ಳಲಿಲ್ಲ. ಒಂದೂವರೆ ದಿನಕ್ಕೂ ನಲವತ್ತು ನಿಮಿಷಕ್ಕೂ ಬಹಳ ದೂರ.

ಅಮಾವಾಸ್ಯೆಗೆ ಎರಡು ದಿನ ಇದ್ದಾಗ ಫಕ್ಕೀರವ್ವ ಕಬ್ಬಿಣದ ಗುಳಿಗೆ ಮುಗಿಯಿತೆಂದು ಬಂದವಳು ಹೋಗಲೇ ಇಲ್ಲ. ಕಟ್ಟೆಯ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. "ನೀಲಕ್ಕ, ಒಂದ ಮಾತ ಹೇಳ್ತೀನಿ, ಯಾರ ಮುಂದೂ ಆಡಬ್ಯಾಡ," ಎಂದಳು. "ಇವತ್ತ ಮುಂಜಾನೆ ಬಾಯಿ ತಗೀ ಅಂದೆ. ಏನಂದ್ಲು ಗೊತ್ತೇನ? 'ಮೊದ್ಲ ನೀವ ತಗೀರಿ ಅತ್ತಿ, ನಿಮ್ಮ ಬಾಯಾಗ ಎಷ್ಟ ಹಲ್ಲ ಉಳದಾವ ನೋಡೂಣು' ಅಂದ್ಲು."

"ಅಯ್ಯ. ನೀ ಏನಂದಿ?"

"ಏನನ್ಲಿ? ಒಂದ ವರ್ಷದಿಂದ ಹ್ಞೂಂ, ಉಹ್ಞೂಂ ಬಿಟ್ಟ ಮಾತಿಲ್ಲ ಆಕಿದು. ನಾ ಬೈದ ಬೈದ ಗೋಡಿಗೆ ಬೈದಂಗ ಆಗಿತ್ತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಳಗ ಹೋಗಿ ನಕ್ಕೆ. ನೀರ ಕುಡದ ಬಂದು ಮತ್ತ ಬೈದೆ."

ಅಮಾವಾಸ್ಯೆಯ ದಿನ ಒಂಬತ್ತು ಗಂಟೆಗೆ ದ್ರಾಕ್ಷಾಯಣಿ ಬಟ್ಟೆ ಅದ್ದಿ, ಹಿಂಡಿ, ತಂತಿಗೆ ಹಾಕಿದಳು. ಹಾಕಿ ಬಂದು ನನ್ನ ಪಕ್ಕ ಕೂತು, "ಅಕ್ಕಾರ, ಒಣಗಲಿಲ್ಲಂದ್ರ ಕೂಸಿನ್ನ ನಾ ಬಿಟ್ಟ ಹೋಗಂಗಿಲ್ಲ," ಎಂದಳು. "ಏನ ಮಾಡ್ತೀನೋ ಗೊತ್ತಿಲ್ಲ. ಆದ್ರ ಬಿಟ್ಟ ಹೋಗಂಗಿಲ್ಲ." ಎರಡು ತಿಂಗಳ ಹಿಂದೆ ಕೂಸನ್ನು ಅವರೇ ಇಟ್ಟುಕೊಳ್ಳಲಿ ಎಂದವಳು ಇವಳೇ.

ಹಬ್ಬದ ಸಂತೆ ಬಿಟ್ಟು ಅರ್ಧ ಓಣಿ ಹಿತ್ತಿಲಿಗೆ ಬಂದಿತ್ತು. ಬಿಸಿಲು ಹೆಂಚಿನ ಮೇಲಿನ ರೊಟ್ಟಿಯ ಹಾಗೆ ನಮ್ಮನ್ನು ಬೇಯಿಸಿತು. ಹನ್ನೆರಡಕ್ಕೆ ಹನಿ ನಿಂತಿತು. ಎರಡಕ್ಕೆ ನಡುವಿನ ಭಾಗ ಬೆಳ್ಳಗಾಗಿ ಗಾಳಿಗೆ ಅಲುಗಿತು. ನಾಲ್ಕಕ್ಕೆ ಫಕ್ಕೀರವ್ವ ಕೂಸನ್ನು ಹೊತ್ತು ಬಂದಳು, ಹಿಂದೆ ಶಿವಪುತ್ರ. ನಾನು ಹೋಗಿ ಮುಟ್ಟಿ ನೋಡಿದ್ದೆ. ನಾಲ್ಕೂ ಅಂಚು ಹಸಿ. ಬೆರಳು ಒತ್ತಿದರೆ ನೀರು ಬರುವಷ್ಟಲ್ಲ, ಆದರೆ ಹಸಿ ಹಸಿಯೇ.

ಫಕ್ಕೀರವ್ವ ತಂತಿಯ ಹತ್ತಿರ ಹೋದಳು. ಬಟ್ಟೆಯನ್ನು ಅಂಚಿನಲ್ಲೇ ಹಿಡಿದಳು. ಹೆಬ್ಬೆರಳಿನಿಂದ ಅಂಚಿನ ಉದ್ದಕ್ಕೂ ಸವರಿದಳು. ಸವರಿದ ಕೈಯನ್ನು ಮೆಲ್ಲಗೆ ಸೀರೆಯ ನೆರಿಗೆಗೆ ಒರೆಸಿಕೊಂಡು, ಬಟ್ಟೆಯನ್ನು ತಂತಿಯಿಂದ ಎಳೆದು ನಾಲ್ಕು ಮಡಿಕೆ ಮಾಡಿ ಮುಷ್ಟಿಯೊಳಗೆ ಹಿಡಿದಳು.

"ಒಣಗೇತಿ," ಎಂದಳು.

ಬಾಳವ್ವ ನನ್ನ ಕಡೆ ನೋಡಿದಳು. ಎಲ್ಲರೂ ನನ್ನ ಕಡೆಯೇ ನೋಡಿದರು. ತಂತಿಯ ಮಾತಿಗೆ ನನ್ನ ಸಾಕ್ಷಿ ಬೇಕು. "ಹೌದು, ಒಣಗೇತಿ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಆದರೆ ಅವರಿಗೆ ಕೇಳಿಸಿತು. ಹೆಂಗಸರು ಗದ್ದಲ ಮಾಡುತ್ತ ಎದ್ದರು, ಸಂತೆ ಮುಗಿಯುವುದರೊಳಗೆ ಬೇವಿನ ಹೂ ತರಬೇಕಿತ್ತು.

"ಹಿಡಿ ನಿನ್ನ ಮಗಳನ್ನ, ನನ್ನ ಟೊಂಕ ಹೋತು," ಎಂದು ಫಕ್ಕೀರವ್ವ ಕೂಸನ್ನು ಸೊಸೆಯ ಕೈಗೆ ತುರುಕಿದಳು. ದ್ರಾಕ್ಷಾಯಣಿ ಹಿಡಿದುಕೊಂಡಳು. ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕೂತಳು. ಕಾಲಿನಲ್ಲಿ ಇನ್ನೂ ಅಷ್ಟು ಬಲ ಬಂದಿರಲಿಲ್ಲ. ಶಿವಪುತ್ರ ಅವಳಿಗೆ ನೆರಳಾಗುವ ಹಾಗೆ ನಿಂತ.

ನಾನು ಒಳಗೆ ಬಂದು ಪುಸ್ತಕ ತೆರೆದು, 'ಏಳು ತಾಸು. ನಡುವೆ ಒಣಗಿದೆ, ಅಂಚು ಹಸಿ. ಹಳದಿ ಮುಂದುವರಿಸುವುದು' ಎಂದು ಬರೆಯುತ್ತಿದ್ದೆ. ಮೇಜಿನ ಮೇಲೆ ನೆರಳು ಬಿತ್ತು. ಫಕ್ಕೀರವ್ವನಿಗೆ ಓದಲು ಬರುವುದಿಲ್ಲ. ಆದರೂ ನನ್ನ ಅಕ್ಷರಗಳನ್ನು ಬಗ್ಗಿ ನೋಡಿದಳು.

"ಏನ ಬರದಿ?"

"ನೀ ಹೇಳಿದ್ದ."

ಅವಳು ಮುಷ್ಟಿ ಬಿಚ್ಚಿ, ಮುದ್ದೆಯಾದ ಬಟ್ಟೆಯನ್ನು ಪುಸ್ತಕದ ಪಕ್ಕದಲ್ಲಿ ಇಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಖರೇನ ಬರಿ ಮಾರಾಯ್ತಿ. ಡಾಕ್ಟರಿಗೆ ಬೇಕಾಗ್ತೈತಿ."